ಹಸಿರು ಕಟ್ಟಡ, ಆರೋಗ್ಯಕರ ಕಚೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಚೇರಿ ಕಟ್ಟಿಸುವವರು, ಹಳೆಯದನ್ನು ದುರಸ್ತಿ ಮಾಡಿಸುವವರು, ಬಾಡಿಗೆಗೆ ಜಾಗ ಹುಡುಕುವವರು, ದಿನವಿಡೀ ಒಂದೇ ಮೇಜಿನ ಮುಂದೆ ಕೂರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಎಲ್ಲ ಉತ್ತರಗಳ ಹಿಂದಿರುವ ನಿಲುವು ಒಂದೇ. ಕಟ್ಟಡ ಎಷ್ಟು ಹಸಿರು ಎಂಬುದನ್ನು ವಿದ್ಯುತ್ ಮೀಟರನ್ನೂ ಒಳಗೆ ಕುಳಿತವರನ್ನೂ ಕೇಳಿಯೇ ತೀರ್ಮಾನಿಸಬೇಕು. ಇಬ್ಬರಲ್ಲಿ ಒಬ್ಬರು ದೂರಿದರೂ ವಿನ್ಯಾಸ ಇನ್ನೂ ಮುಗಿದಿಲ್ಲ ಎಂದೇ ಅರ್ಥ.

ಹಸಿರು ಕಟ್ಟಡ ಎಂದರೆ ಏನು? ತಾರಸಿಯ ಮೇಲೆ ಸೌರಫಲಕ ಇದ್ದರೆ ಸಾಕೇ?

ಸಾಲದು. ಕಟ್ಟುವಾಗ, ಬಳಸುವಾಗ, ಮುಂದೊಂದು ದಿನ ಕೆಡವುವಾಗ ಇಂಧನ, ನೀರು, ಸಾಮಗ್ರಿಗಳನ್ನು ಹಿತಮಿತವಾಗಿ ಬಳಸುವ, ಒಳಗಿರುವವರ ಉಸಿರಿಗೂ ಕಣ್ಣಿಗೂ ಕಿವಿಗೂ ತೊಂದರೆ ಕೊಡದ ಕಟ್ಟಡವನ್ನು ಹಸಿರು ಕಟ್ಟಡ ಎನ್ನಬಹುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ, ಜಗತ್ತು ಅಂತಿಮವಾಗಿ ಬಳಸುವ ಇಂಧನದಲ್ಲಿ ಸುಮಾರು ಶೇ 30 ಪಾಲು ಕಟ್ಟಡಗಳ ದಿನನಿತ್ಯದ ಬಳಕೆಗೇ ಹೋಗುತ್ತದೆ. ಇಂಧನದಿಂದಾಗುವ ಇಂಗಾಲದ ಹೊರಸೂಸುವಿಕೆಯಲ್ಲಿ ಅವುಗಳ ಪಾಲು ಸುಮಾರು ಶೇ 26.

ಕೆಲಸದ ಕ್ರಮ ಇಲ್ಲಿ ಬಹಳ ಮುಖ್ಯ. ಮೊದಲು ಕಟ್ಟಡದ ದಿಕ್ಕು, ನೆರಳು, ಗೋಡೆ ಮತ್ತು ಛಾವಣಿಯ ಶಾಖರೋಧ. ಆಮೇಲೆ ಗಾಳಿ, ಬೆಳಕು. ಅದಾದ ಮೇಲೆ ದಕ್ಷ ಯಂತ್ರಗಳು. ಸೌರಫಲಕದ ಸರದಿ ಕೊನೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಕಟ್ಟಡಗಳೇ ಹೆಚ್ಚು ಕಾಣಸಿಗುತ್ತವೆ. ಬಿಸಿಲನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಂಡು, ಆ ಶಾಖವನ್ನು ಹೊರಹಾಕಲು ದೊಡ್ಡ ಎಸಿ ಹಾಕಿ, ಆ ಎಸಿಗೆ ಬೇಕಾದ ವಿದ್ಯುತ್ತಿನಲ್ಲಿ ಒಂದಿಷ್ಟನ್ನು ಫಲಕಗಳಿಂದ ಪಡೆಯುವುದನ್ನು ಹಸಿರು ವಿನ್ಯಾಸ ಎಂದು ನಾವು ಒಪ್ಪುವುದಿಲ್ಲ.

ಇಂಧನ ಉಳಿಸಲು ಕಟ್ಟಡವನ್ನು ಬಿಗಿಯಾಗಿ ಮುಚ್ಚಿದರೆ ಒಳಗಿನ ಗಾಳಿ ಕೆಡುವುದಿಲ್ಲವೇ?

ಕೆಡುತ್ತದೆ. ಒಮ್ಮೆ ಕೆಟ್ಟೂ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಇಂಧನ ಉಳಿಸುವ ಭರದಲ್ಲಿ, ಕಟ್ಟಡದೊಳಗಿನ ಪ್ರತಿಯೊಬ್ಬರಿಗೂ ಒದಗಿಸಬೇಕಾದ ಹೊರಗಾಳಿಯ ಪ್ರಮಾಣವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಲಾಯಿತು. ತಲೆಗೆ ಸೆಕೆಂಡಿಗೆ ಸುಮಾರು 7 ಲೀಟರ್ ಇದ್ದದ್ದು ಸುಮಾರು 2.5 ಲೀಟರಿಗೆ ಬಂತು. ಕಿಟಕಿಗಳು ತೆರೆಯದಂತಾದವು. ಅದೇ ಹೊತ್ತಿಗೆ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಕಾರ್ಪೆಟ್ ಅಂಟು, ನಕಲು ಯಂತ್ರಗಳು ಕಚೇರಿ ತುಂಬಿದವು. ತಲೆನೋವು, ಕಣ್ಣುರಿ, ಒಣ ಕೆಮ್ಮು, ದಣಿವು ಎಂದು ಜನ ದೂರತೊಡಗಿದರು. ಮನೆಗೆ ಹೋದ ಕೆಲವೇ ಗಂಟೆಗಳಲ್ಲಿ ಎಲ್ಲವೂ ಮಾಯ, ಮರುದಿನ ಕಚೇರಿಗೆ ಬಂದರೆ ಮತ್ತೆ ಶುರು. ರೋಗಗ್ರಸ್ತ ಕಟ್ಟಡ ಲಕ್ಷಣ ಎಂಬ ಹೆಸರು ಬಂದದ್ದು ಹೀಗೆ. ಹೊಸದಾಗಿ ಕಟ್ಟಿದ ಅಥವಾ ನವೀಕರಿಸಿದ ಕಟ್ಟಡಗಳಲ್ಲಿ ಶೇ 30ರಷ್ಟರ ವರೆಗೆ ಇಂತಹ ದೂರುಗಳು ಇರಬಹುದೆಂದು 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯೊಂದು ಹೇಳಿತು. ಗಾಳಿಯ ಪ್ರಮಾಣವನ್ನು ಮತ್ತೆ ಏರಿಸಬೇಕಾಯಿತು.

ಆರೋಗ್ಯವೋ ಉಳಿತಾಯವೋ ಎಂದು ಒಂದನ್ನು ಆರಿಸಿಕೊಳ್ಳುವ ಇಕ್ಕಟ್ಟು ಈಗ ಇಲ್ಲ. ಗೋಡೆ, ಕಿಟಕಿಗಳ ಸಂದುಗೊಂದುಗಳಿಂದ ಬೇಕಾಬಿಟ್ಟಿ ನುಗ್ಗುವ ಗಾಳಿಯನ್ನು ತಡೆಯಬೇಕು, ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಗೊತ್ತಾದ ದಾರಿಯಲ್ಲಿ, ಸೋಸಿ, ಅಳತೆ ಮಾಡಿ ತರಬೇಕು. ಹೊರಹೋಗುವ ಗಾಳಿ ಮತ್ತು ಒಳಬರುವ ಗಾಳಿ ಒಂದಕ್ಕೊಂದು ಬೆರೆಯದೆ ಅಕ್ಕಪಕ್ಕ ಹಾದುಹೋಗುವ ಶಾಖ ವಿನಿಮಯ ಘಟಕವನ್ನು ಅಳವಡಿಸಿದರೆ, ತಂಪು ಅಥವಾ ಬಿಸಿಯ ಬಹುಪಾಲು ಒಳಗೇ ಉಳಿಯುತ್ತದೆ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಿಂದ ಜನ ವಾಸಿಸುತ್ತಿರುವ ಮೊದಲ ‘ಪ್ಯಾಸಿವ್ ಹೌಸ್’ (ಬಹಳ ಕಡಿಮೆ ಇಂಧನದಲ್ಲಿ ಹಿತವಾಗಿರುವ ಮನೆ) ಈ ತತ್ತ್ವದ ಮೇಲೇ ನಿಂತಿದೆ.

ಸಭೆ ಶುರುವಾದ ಅರ್ಧ ಗಂಟೆಗೇ ಎಲ್ಲರೂ ತೂಕಡಿಸುತ್ತಾರೆ. ವಿಷಯ ನೀರಸವೋ, ಕೋಣೆಯ ತಪ್ಪೋ?

ಕೋಣೆಯ ತಪ್ಪಿರುವ ಸಾಧ್ಯತೆ ದೊಡ್ಡದು. ಒಂದು ಲೆಕ್ಕ ಹಾಕೋಣ. ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆ ಎಂದರೆ 60,000 ಲೀಟರ್ ಗಾಳಿ. ಕುಳಿತು ಮಾತನಾಡುವ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಎಂಟು ಜನರಾದರೆ 144 ಲೀಟರ್. ಬಾಗಿಲು ಮುಚ್ಚಿದೆ, ಹೊರಗಿನ ಗಾಳಿ ಬರುತ್ತಿಲ್ಲ ಎಂದುಕೊಂಡರೆ ಒಂದು ಗಂಟೆಯಲ್ಲಿ ಆ ಕೋಣೆಯಲ್ಲಿ ಈ ಅನಿಲದ ಪ್ರಮಾಣ 2,400 ಪಿಪಿಎಂನಷ್ಟು (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 2,400 ಭಾಗ) ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು ಸುಮಾರು 420 ಪಿಪಿಎಂ ಮಾತ್ರ. ಅಂದರೆ ಅರ್ಧ ಗಂಟೆಗೇ ನೀವು 1,600 ದಾಟಿರುತ್ತೀರಿ.

ಮ್ಯೂನಿಕ್‌ನ ನೈರ್ಮಲ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ 1,000 ಪಿಪಿಎಂ ಮಿತಿಯನ್ನು ಸೂಚಿಸಿದ್ದರು. ಅವರ ಯೋಚನೆ ಸರಳವಾಗಿತ್ತು: ಈ ಅನಿಲ ಹೆಚ್ಚಾಗಿದೆ ಎಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ, ಬೆವರು, ವಾಸನೆ, ರೋಗಾಣುಗಳೂ ಅದರ ಜೊತೆಗೇ ಸೇರಿಕೊಂಡಿವೆ. ಇಂದಿಗೂ ಅದನ್ನು ಹಳಸಿದ ಗಾಳಿಯ ಗುರುತಾಗಿಯೇ ಬಳಸುತ್ತೇವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 24 ಮಂದಿ ಕಚೇರಿ ನೌಕರರನ್ನು ನಿಯಂತ್ರಿತ ಕಚೇರಿಯಲ್ಲಿ ಕೆಲಸ ಮಾಡಲು ಬಿಟ್ಟು, ಅವರಿಗೆ ತಿಳಿಸದೆ ಗಾಳಿಯ ಗುಣಮಟ್ಟವನ್ನು ದಿನದಿನಕ್ಕೂ ಬದಲಿಸಿ ನೋಡಿದರು. ಹೊರಗಾಳಿ ಹೆಚ್ಚಿದ್ದು ರಾಸಾಯನಿಕ ಆವಿ ಕಡಿಮೆಯಿದ್ದ ದಿನಗಳಲ್ಲಿ ಅವರ ಯೋಚನಾಶಕ್ತಿಯ ಪರೀಕ್ಷೆಯ ಅಂಕಗಳು ಗಣನೀಯವಾಗಿ ಏರಿದವು. ಭಾಗವಹಿಸಿದವರ ಸಂಖ್ಯೆ ಚಿಕ್ಕದು ಎಂಬುದನ್ನು ಮರೆಯಬಾರದು. ಆದರೂ ತೂಕಡಿಕೆಯನ್ನು ಸೋಮಾರಿತನ ಎನ್ನುವ ಮೊದಲು ಕೋಣೆಯ ಗಾಳಿಯನ್ನು ಅಳೆದು ನೋಡುವುದು ನ್ಯಾಯ.

ನಮ್ಮಲ್ಲಿ ಎಸಿ ಇದೆಯಲ್ಲ, ಅದು ಹೊಸ ಗಾಳಿ ತರುವುದಿಲ್ಲವೇ?

ಗೋಡೆಗೆ ನೇತುಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಅಲ್ಲಿಗೇ ಬಿಡುತ್ತದೆ. ದೊಡ್ಡ ಕಟ್ಟಡಗಳ ಕೇಂದ್ರೀಯ ವ್ಯವಸ್ಥೆಯಲ್ಲಿ ಹೊರಗಾಳಿಗೆ ಪ್ರತ್ಯೇಕ ಕವಾಟ ಇರುತ್ತದೆ. ಅದು ನಿಜಕ್ಕೂ ತೆರೆದಿದೆಯೇ ಎಂದು ನಿರ್ವಹಣೆಯವರನ್ನು ಕರೆದುಕೊಂಡು ಹೋಗಿ ಕಣ್ಣಾರೆ ನೋಡಿ. ಬಿಲ್ಲು ಉಳಿಸಲೆಂದು ಎಂದೋ ಮುಚ್ಚಿದ ಕವಾಟವನ್ನು ಆಮೇಲೆ ಯಾರೂ ತೆರೆದಿರುವುದಿಲ್ಲ.

ಹೊರಗಿನ ಗಾಳಿಯೇ ಹೊಗೆ, ದೂಳಿನಿಂದ ಕೂಡಿದ್ದರೆ ಕಿಟಕಿ ತೆರೆಯುವುದು ಹೇಗೆ?

ತೆರೆಯಬೇಡಿ, ಸೋಸಿ ತನ್ನಿ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಬಹಳಷ್ಟು ನಗರಗಳ ಗಾಳಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹೊರಗಾಳಿ ಒಳಬರುವ ದಾರಿಯಲ್ಲಿ ಮರ್ವ್ 13 ದರ್ಜೆಯ ಅಥವಾ ಅದಕ್ಕೂ ಮೇಲಿನ ಫಿಲ್ಟರ್ ಇರಲಿ (ಮರ್ವ್ ಎಂಬುದು ಫಿಲ್ಟರ್ ಕಣಗಳನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದರ ಅಳತೆ). ಕೊಳ್ಳುವಾಗ ಎರಡು ಸಂಗತಿ ಗಮನಿಸಿ. ಸಾಂದ್ರ ಫಿಲ್ಟರಿನ ಮೂಲಕ ಗಾಳಿ ಎಳೆಯಲು ಫ್ಯಾನಿಗೆ ಹೆಚ್ಚು ಬಲ ಬೇಕು, ಹಳೆಯ ಯಂತ್ರಕ್ಕೆ ಆ ಶಕ್ತಿ ಇಲ್ಲದಿರಬಹುದು. ಚೌಕಟ್ಟಿನ ಅಂಚಿನಲ್ಲಿ ಬೆರಳಗಲದ ಸಂದು ಉಳಿದರೆ ಗಾಳಿ ಆ ದಾರಿಯನ್ನೇ ಹಿಡಿಯುತ್ತದೆ, ಆಗ ಫಿಲ್ಟರಿಗೆ ಕೊಟ್ಟ ಹಣ ವ್ಯರ್ಥ.

ಮೇಜಿಗೊಂದು ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆಯೇ?

ಇಲ್ಲ. ಈ ನಂಬಿಕೆ ಹರಡಿದ್ದು ನಾಸಾ 1989ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಆದರೆ ಆ ಪ್ರಯೋಗ ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಹೊರಬಂದ ವಿಮರ್ಶೆಯೊಂದು ಅಂತಹ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿತು. ಸಾಮಾನ್ಯ ಕಟ್ಟಡದಲ್ಲಿ ತಾನಾಗಿ ಆಗುವ ಗಾಳಿಯ ಅದಲುಬದಲಿಗೆ ಗಿಡಗಳು ಸಮನಾಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂದು ಅದು ಕಂಡುಕೊಂಡಿತು.

ಹಾಗೆಂದು ಗಿಡಗಳನ್ನು ಎತ್ತಿ ಹೊರಗಿಡಬೇಡಿ. ಹಸಿರು ಕಣ್ಣಿಗೆ ಬೀಳುವುದೇ ಒಂದು ಔಷಧಿ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳಿದ್ದವು. ಅರ್ಧದಷ್ಟು ಜನರಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ನೋಡುತ್ತಿದ್ದವರು ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡರು. ಗಿಡವನ್ನು ಮನಸ್ಸಿನ ನೆಮ್ಮದಿಗಾಗಿ ಇಡಿ, ಗಾಳಿಗೆ ಬೇರೆ ವ್ಯವಸ್ಥೆ ಮಾಡಿ.

ಹೊಸ ಕಚೇರಿಯ ‘ಹೊಸ ವಾಸನೆ’ ಅಪಾಯಕಾರಿಯೇ?

ಆ ವಾಸನೆ ಬಣ್ಣ, ಅಂಟು, ವಾರ್ನಿಷ್, ಕಾರ್ಪೆಟ್, ಒತ್ತಿ ಮಾಡಿದ ಮರದ ಹಲಗೆಗಳಿಂದ ಏಳುವ ಆವಿ. ಅದರಲ್ಲಿ ಹೆಚ್ಚು ಗಮನಿಸಬೇಕಾದದ್ದು ಫಾರ್ಮಾಲ್ಡಿಹೈಡ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅರ್ಧ ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಹಲಗೆಗಳು ಆವಿಯನ್ನು ಹೆಚ್ಚು ಬಿಡುತ್ತವೆ.

ಕೊಳ್ಳುವ ಮುನ್ನವೇ ಕಡಿಮೆ ಆವಿ ಬಿಡುವ ಬಣ್ಣ, ಅಂಟು, ಹಲಗೆಗಳನ್ನು ಕೇಳಿ ಪಡೆಯಿರಿ, ಪರೀಕ್ಷಾ ಪತ್ರ ತೋರಿಸಲು ಹೇಳಿ. ಕೊಂಡಾದ ಮೇಲೆ ಸುಗಂಧ ಸಿಂಪಡಿಸಿದರೆ ಆವಿಗೆ ಆವಿ ಸೇರುತ್ತದೆ, ಅಷ್ಟೇ. ಪೀಠೋಪಕರಣ ಜೋಡಿಸಿ ಮುಗಿದ ಮೇಲೆ ಜನ ಬಂದು ಕೂರುವ ಮೊದಲು ಒಂದೆರಡು ವಾರ ಹೊರಗಾಳಿಯನ್ನು ಹಗಲೂರಾತ್ರಿ ಹರಿಯಲು ಬಿಡಬೇಕು. ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಈ ವಾರಗಳಿಗೇ ಎಂಬುದು ಬೇಸರದ ಸಂಗತಿ. ಉದ್ಘಾಟನೆಯ ದಿನಾಂಕ ಮುಂದೆ ಹೋದರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಪೂರ್ತಿ ಗಾಜಿನ ಕಟ್ಟಡಗಳು ಆಧುನಿಕವಲ್ಲವೇ? ಬೆಳಕೂ ಚೆನ್ನಾಗಿ ಬರುತ್ತದಲ್ಲ?

ಬೆಳಕಿನ ಜೊತೆಗೆ ಬರುವ ಶಾಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಜೆಯ ಇಳಿಬಿಸಿಲು ಪಶ್ಚಿಮದ ಬರಿಗಾಜಿಗೆ ನೇರವಾಗಿ ಬಿದ್ದರೆ ಪ್ರತಿ ಚದರ ಮೀಟರಿನ ಮೂಲಕ 500 ವ್ಯಾಟ್‌ಗಳಷ್ಟು ಶಾಖ ಒಳಬರಬಹುದು. ಕುಳಿತಿರುವ ಒಬ್ಬ ಮನುಷ್ಯನ ಮೈಯಿಂದ ಹೊಮ್ಮುವುದು ಸುಮಾರು 100 ವ್ಯಾಟ್. ಎರಡು ಚದರ ಮೀಟರಿನ ಒಂದು ಕಿಟಕಿಯೆಂದರೆ ಕೋಣೆಗೆ ಹತ್ತು ಜನ ಹೆಚ್ಚಾಗಿ ಬಂದು ಕೂತ ಹಾಗೆ. ಇದರ ಮೇಲೆ ಪ್ರಖರತೆ ತಾಳಲಾರದೆ ಎಲ್ಲರೂ ಪರದೆ ಎಳೆದು ಲೈಟು ಹಾಕಿಕೊಳ್ಳುತ್ತಾರೆ. ಬೆಳಕಿಗೆಂದು ಹಾಕಿದ ಗಾಜು ಬೆಳಕನ್ನೂ ಕೊಡದೆ ಹೋಗುತ್ತದೆ. ಚಳಿ ಪ್ರದೇಶದಲ್ಲಾದರೆ ಅದೇ ಗಾಜಿನಿಂದ ಬೆಚ್ಚಗಿನ ಶಾಖ ರಾತ್ರಿಯೆಲ್ಲ ಸೋರುತ್ತದೆ.

ನೆರಳು ಗಾಜಿನ ಹೊರಗಿರಬೇಕು. ಒಳಗಿನ ಪರದೆ ತಡೆಯುವ ಹೊತ್ತಿಗೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ. ನಡುಹಗಲಿನ ನೆತ್ತಿಯ ಸೂರ್ಯನಿಗೆ ಕಿಟಕಿಯ ಮೇಲಿನ ಅಡ್ಡ ಸಜ್ಜೆ ಸಾಕು. ಪೂರ್ವ, ಪಶ್ಚಿಮದ ಕೆಳಸೂರ್ಯನಿಗೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಲಂಬವಾದ ಪಟ್ಟಿಗಳು, ಜಾಲರಿ ಅಥವಾ ಮರಗಳು ಬೇಕು. ಕಟ್ಟಡದ ಉದ್ದನೆಯ ಬದಿಗಳು ಉತ್ತರ ಮತ್ತು ದಕ್ಷಿಣಕ್ಕೆ ಮುಖ ಮಾಡಿದ್ದರೆ ಈ ತೊಂದರೆಯ ಬಹುಭಾಗ ನಕ್ಷೆಯ ಹಂತದಲ್ಲೇ ತೀರುತ್ತದೆ, ಅದೂ ಚಿಕ್ಕಾಸು ಖರ್ಚಿಲ್ಲದೆ.

ಒಂದೇ ಕೋಣೆಯಲ್ಲಿ ಒಬ್ಬರಿಗೆ ಸೆಕೆ, ಇನ್ನೊಬ್ಬರಿಗೆ ಚಳಿ. ಎಸಿಯನ್ನು ಎಷ್ಟಕ್ಕೆ ಇಡಬೇಕು?

ಎಲ್ಲರಿಗೂ ಒಪ್ಪುವ ಒಂದು ಅಂಕಿ ಇಲ್ಲ. ಡೆನ್ಮಾರ್ಕಿನ ಓಲೆ ಫಾಂಗರ್ ರೂಪಿಸಿದ ಪ್ರಸಿದ್ಧ ಮಾದರಿಯ ಪ್ರಕಾರ, ಎಲ್ಲವೂ ಹದವಾಗಿದ್ದಾಗಲೂ ನೂರಕ್ಕೆ ಐವರು ಅತೃಪ್ತರಾಗಿಯೇ ಇರುತ್ತಾರೆ. ದೇಹದ ಹಿತವನ್ನು ನಿರ್ಧರಿಸುವುದು ಗಾಳಿಯ ಉಷ್ಣತೆ ಒಂದೇ ಅಲ್ಲ. ಸುತ್ತಲಿನ ಗೋಡೆ, ಗಾಜುಗಳ ಶಾಖ, ತೇವ, ಗಾಳಿಯ ವೇಗ, ತೊಟ್ಟ ಬಟ್ಟೆ, ಮಾಡುತ್ತಿರುವ ಕೆಲಸ ಎಲ್ಲವೂ ಸೇರುತ್ತವೆ. ಕಾದ ಗಾಜಿನ ಪಕ್ಕ ಕುಳಿತವರು 22 ಡಿಗ್ರಿಯಲ್ಲೂ ಬೆವರುತ್ತಾರೆ, ಎಸಿ ಬಾಯಿಯ ಕೆಳಗಿನವರು ಶಾಲು ಹೊದೆಯುತ್ತಾರೆ. ಇಬ್ಬರೂ ಹೇಳುವುದು ನಿಜ.

ಎಸಿಯನ್ನು ಎರಡು ಮೂರು ಡಿಗ್ರಿ ಮೇಲಿಟ್ಟು ಫ್ಯಾನ್ ಓಡಿಸಿ. ಮೈಗೆ ತಾಗುವ ಗಾಳಿ ಆ ವ್ಯತ್ಯಾಸವನ್ನು ತುಂಬಿಕೊಡುತ್ತದೆ, ಫ್ಯಾನಿಗೆ ಬೇಕಾದ ವಿದ್ಯುತ್ತು ಎಸಿಯ ಮುಂದೆ ಏನೇನೂ ಅಲ್ಲ. ಪ್ರತಿಯೊಬ್ಬರ ಕೈಗೂ ಒಂದು ಹಿಡಿತ ಕೊಡಿ: ಮೇಜಿನ ಮೇಲೊಂದು ಪುಟ್ಟ ಫ್ಯಾನ್, ತೆರೆಯಲು ಬರುವ ಕಿಟಕಿ, ಬೇಕಾದ ಬಟ್ಟೆ ತೊಡುವ ಸ್ವಾತಂತ್ರ್ಯ. ಕಿಟಕಿ ತೆರೆಯಬಲ್ಲ ಕಟ್ಟಡಗಳ ಜನ ಹೆಚ್ಚು ಏರಿಳಿತವನ್ನು ಸಂತೋಷದಿಂದಲೇ ಒಪ್ಪುತ್ತಾರೆ ಎಂದು ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ಅವರ 1998ರ ಕೆಲಸ ತೋರಿಸಿತು.

ಒಳಗೆ ಎಷ್ಟು ಬೆಳಕಿರಬೇಕು?

ಓದು, ಬರಹಕ್ಕೆ ಮೇಜಿನ ಮೇಲೆ 300ರಿಂದ 500 ಲಕ್ಸ್ ಸಾಕು. ಆದರೆ ಮೋಡ ಮುಸುಕಿದ ದಿನವೂ ಹೊರಗೆ 10,000 ಲಕ್ಸ್ ಇರಬಹುದು, ನಮ್ಮ ದೇಹದ ಗಡಿಯಾರ ಒಗ್ಗಿಕೊಂಡಿರುವುದು ಆ ಬೆಳಕಿಗೆ. ಹಗಲೆಲ್ಲ ಮಬ್ಬಿನಲ್ಲಿ ಕೂತವರಿಗೆ ರಾತ್ರಿಯ ನಿದ್ದೆ ಹದ ತಪ್ಪುತ್ತದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಸುಮಾರು ಅದರ ಎರಡರಷ್ಟು ದೂರ ಮಾತ್ರ ಹಗಲುಬೆಳಕು ಉಪಯುಕ್ತವಾಗಿ ಒಳಬರುತ್ತದೆ. ಹಾಗಾಗಿ ಕಿಟಕಿಗಳು ಅಗಲಕ್ಕಿಂತ ಎತ್ತರವಾಗಿರಲಿ, ಛಾವಣಿ ಬಿಳಿಯಾಗಿರಲಿ. ಕಿಟಕಿ ಬದಿಯನ್ನು ಮೇಲಧಿಕಾರಿಗಳ ಮುಚ್ಚಿದ ಕೋಣೆಗಳಿಗೆ ಕೊಟ್ಟು ಉಳಿದವರನ್ನು ನಡುವಿನ ಕತ್ತಲಿಗೆ ತಳ್ಳುವ ನಕ್ಷೆಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಸದ್ದಿನ ವಿಷಯ ಹಸಿರು ವಿನ್ಯಾಸಕ್ಕೆ ಸೇರುತ್ತದೆಯೇ?

ಸೇರಲೇಬೇಕು. ತೆರೆದ ಕಚೇರಿಗಳಲ್ಲಿ ಗಮನ ಕದಿಯುವುದು ಯಂತ್ರದ ಗುಂಯ್‌ಗುಡುವಿಕೆಗಿಂತ ಹೆಚ್ಚಾಗಿ ಪಕ್ಕದವರ ಅರ್ಥವಾಗುವ ಮಾತು. ಶಾಖ ಹಿಡಿದಿಡಲೆಂದು ಕಾಂಕ್ರೀಟ್ ಛಾವಣಿಯನ್ನು ಬತ್ತಲೆ ಬಿಟ್ಟ ಹಸಿರು ಕಟ್ಟಡಗಳಲ್ಲಿ ಪ್ರತಿಧ್ವನಿ ಇನ್ನೂ ಹೆಚ್ಚು. ಛಾವಣಿಯಿಂದ ಸದ್ದು ಹೀರುವ ಹಲಗೆಗಳನ್ನು ನಡುನಡುವೆ ಇಳಿಬಿಟ್ಟರೆ ಎರಡೂ ಉದ್ದೇಶ ಈಡೇರುತ್ತದೆ.

ಎಸಿ ಇಲ್ಲದೆ ದೊಡ್ಡ ಕಚೇರಿ ಕಟ್ಟಲು ಸಾಧ್ಯವೇ?

ಹವೆ ಒಪ್ಪಿದರೆ ಸಾಧ್ಯ. ಜಿಂಬಾಬ್ವೆಯ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ವಿನ್ಯಾಸಗೊಳಿಸಿದ ಈಸ್ಟ್‌ಗೇಟ್ ಸೆಂಟರ್ 1996ರಲ್ಲಿ ತೆರೆಯಿತು. ಎತ್ತರದ ಊರಾದ್ದರಿಂದ ಅಲ್ಲಿ ರಾತ್ರಿಗಳು ತಂಪು. ರಾತ್ರಿ ಫ್ಯಾನುಗಳು ತಂಪುಗಾಳಿಯನ್ನು ನೆಲದಡಿಯ ಕಾಂಕ್ರೀಟ್ ಪೊಳ್ಳುಗಳ ಮೂಲಕ ಹರಿಸುತ್ತವೆ, ಕಾಂಕ್ರೀಟು ತಂಪಾಗುತ್ತದೆ. ಹಗಲು ಒಳಬರುವ ಗಾಳಿ ಅದೇ ದಾರಿಯಲ್ಲಿ ಹಾದು ತಂಪಾಗಿ ಕೋಣೆಗಳಿಗೆ ಬರುತ್ತದೆ, ಬಿಸಿಗಾಳಿ ಮೇಲೇರಿ ಚಿಮಣಿಗಳಿಂದ ಹೊರಹೋಗುತ್ತದೆ. ರಾತ್ರಿಯೂ ಬೆವರು ಹರಿಯುವ ಕರಾವಳಿ ಹವೆಗೆ ಇದನ್ನು ನಕಲು ಮಾಡಿದರೆ ನಿರಾಸೆಯೇ ಗತಿ. ಅಲ್ಲಿ ಮೊದಲು ನೆರಳು, ಆಮೇಲೆ ಫ್ಯಾನ್, ಉಳಿದದ್ದಕ್ಕೆ ಚಿಕ್ಕ ಎಸಿ.

ಹಳೆಯ ಕಟ್ಟಡ ಕೆಡವಿ ಹೊಸ ಹಸಿರು ಕಟ್ಟಡ ಕಟ್ಟುವುದು ಒಳ್ಳೆಯದಲ್ಲವೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ, ಮತ್ತು ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಒಂದರ ಪಾಲೇ ಸುಮಾರು ಶೇ 7–8. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಂಧನದಿಂದ ಬಂದದ್ದಲ್ಲ, ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನಿಂದಲೇ ಬಿಡುಗಡೆಯಾಗುವಂಥದ್ದು. ಆದ್ದರಿಂದ ಗೂಡಿಗೆ ಸೌರವಿದ್ಯುತ್ ಕೊಟ್ಟರೂ ಆ ಭಾಗ ಹೋಗುವುದಿಲ್ಲ. ನಿಂತಿರುವ ಕಟ್ಟಡದ ಅಡಿಪಾಯ, ಕಂಬ, ತೊಲೆಗಳಿಗಾಗಿ ಆ ಬೆಲೆಯನ್ನು ಆಗಲೇ ತೆತ್ತಾಗಿದೆ. ಕೆಡವಿದರೆ ಅದಷ್ಟೂ ನಷ್ಟ, ಹೊಸದಕ್ಕೆ ಮತ್ತೆ ತೆರಬೇಕು.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು. 2009ರಲ್ಲಿ ಅದರ ಇಂಧನ ಬಳಕೆಯನ್ನು ಶೇ 38ರಷ್ಟು ತಗ್ಗಿಸುವ ಗುರಿಯೊಂದಿಗೆ ನವೀಕರಣ ಆರಂಭವಾಯಿತು. ಅಲ್ಲಿನ ಸುಮಾರು 6,500 ಕಿಟಕಿಗಳನ್ನು ಎಸೆಯಲಿಲ್ಲ. ಕಟ್ಟಡದೊಳಗೇ ಒಂದು ಕಾರ್ಯಾಗಾರ ತೆರೆದು, ಜೋಡಿ ಗಾಜುಗಳನ್ನು ಬಿಚ್ಚಿ, ತೊಳೆದು, ನಡುವೆ ಶಾಖ ತಡೆಯುವ ತೆಳು ಪದರ ಸೇರಿಸಿ, ಅನಿಲ ತುಂಬಿ, ಮತ್ತೆ ಅದೇ ಚೌಕಟ್ಟುಗಳಿಗೆ ಕೂರಿಸಿದರು. ರೇಡಿಯೇಟರುಗಳ ಹಿಂದೆ ಶಾಖ ಹಿಂತಿರುಗಿಸುವ ಹಾಳೆ ಹಾಕಿದರು. ಹೀಗೆ ತಂಪುಗೊಳಿಸಬೇಕಾದ ಹೊರೆಯೇ ತಗ್ಗಿದ್ದರಿಂದ ದೊಡ್ಡ ಚಿಲ್ಲರ್ ಯಂತ್ರಗಳನ್ನು ಕಿತ್ತು ಹೊಸದು ತರುವ ಬದಲು ಇದ್ದವನ್ನೇ ನವೀಕರಿಸಿದರೆ ಸಾಕಾಯಿತು.

ಪ್ರಮಾಣಪತ್ರ ಪಡೆದ ಕಟ್ಟಡ ಖಂಡಿತ ಹಸಿರೇ?

ಹಸಿರು ಕಟ್ಟಡಗಳಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆಗಳಲ್ಲಿ ಬ್ರಿಟನ್ನಿನ ಬ್ರೀಯಂ 1990ರಲ್ಲಿ ಶುರುವಾಯಿತು, ಅಮೆರಿಕದ ಲೀಡ್ ಅದೇ ದಶಕದಲ್ಲಿ ಹಿಂಬಾಲಿಸಿತು, ಜನರ ಆರೋಗ್ಯವನ್ನೇ ಕೇಂದ್ರದಲ್ಲಿಟ್ಟ ವೆಲ್ 2014ರಲ್ಲಿ ಬಂತು. ಇವುಗಳಿಂದ ಒಳಿತಾಗಿದೆ. ಆದರೆ ಹಲವು ಪ್ರಮಾಣಪತ್ರಗಳು ಅಳೆಯುವುದು ನಕ್ಷೆಯ ಭರವಸೆಯನ್ನು. ಜನ ಬಂದು ಕೂತ ಮೇಲೆ ಬಳಕೆ ಲೆಕ್ಕಾಚಾರವನ್ನು ಮೀರುವುದುಂಟು. ಹಾಗಾಗಿ ಪ್ರಮಾಣಪತ್ರದ ಫಲಕ ನೋಡಿ ಸುಮ್ಮನಾಗದೆ ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲು ಕೇಳಿ, ಒಟ್ಟು ಯೂನಿಟ್‌ಗಳನ್ನು ಕಟ್ಟಡದ ಚದರ ಮೀಟರಿನಿಂದ ಭಾಗಿಸಿ, ಅಂತಹದೇ ಇನ್ನೊಂದು ಕಟ್ಟಡದ ಜೊತೆ ಹೋಲಿಸಿ.

ಖರ್ಚು ಹೆಚ್ಚಲ್ಲವೇ?

ನೆರಳು, ದಿಕ್ಕು, ತಿಳಿಬಣ್ಣದ ತಾರಸಿ ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಶಾಖ ವಿನಿಮಯ ಘಟಕ, ಒಳ್ಳೆಯ ಫಿಲ್ಟರ್, ಒಳ್ಳೆಯ ಗಾಜಿಗೆ ಇದೆ. ಕಚೇರಿ ನಡೆಸುವವರು ಬಳಸುವ ಒಂದು ಸ್ಥೂಲ ಅಂದಾಜಿದೆ: ವಿದ್ಯುತ್ತು, ನೀರಿಗೆ ಒಂದು ಪಾಲು ಹೋದರೆ ಬಾಡಿಗೆಗೆ ಹತ್ತು ಪಾಲು, ಸಂಬಳಕ್ಕೆ ನೂರು ಪಾಲು. ಗಾಳಿಗೆ ಕತ್ತರಿ ಹಾಕಿ ಆ ಒಂದು ಪಾಲಿನಲ್ಲಿ ಚೂರು ಉಳಿಸಿ, ನೂರು ಪಾಲು ಪಡೆಯುವವರಿಗೆ ತಲೆನೋವು ತರಿಸುವುದು ಲೆಕ್ಕಪತ್ರದ ಕಣ್ಣಿಂದ ನೋಡಿದರೂ ನಷ್ಟವೇ.

ನೀರಿನ ವಿಷಯದಲ್ಲಿ ಗಮನಿಸಬೇಕಾದದ್ದೇನು?

ಕಡಿಮೆ ನೀರು ಬಿಡುವ ನಲ್ಲಿ, ಮಳೆನೀರು ಸಂಗ್ರಹ, ಬಳಸಿದ ನೀರಿನ ಮರುಬಳಕೆ ಎಲ್ಲರಿಗೂ ಗೊತ್ತು. ಹೆಚ್ಚು ಜನ ಮರೆಯುವುದು ನಿಂತ ನೀರನ್ನು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಸೇರಿದ್ದವರಲ್ಲಿ ನ್ಯುಮೋನಿಯಾ ಹರಡಿ ಹಲವರು ಸತ್ತರು. ಕಾರಣವಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆದು ತುಂತುರಿನ ಮೂಲಕ ಶ್ವಾಸಕೋಶ ಸೇರುತ್ತದೆ. ದೊಡ್ಡ ಕೊಳವೆಗಳಲ್ಲಿ ಸ್ವಲ್ಪವೇ ನೀರು ಹರಿದರೆ ಅದು ಬಹಳ ಹೊತ್ತು ನಿಲ್ಲುತ್ತದೆ. ಬಳಕೆ ತಗ್ಗಿಸುವಾಗ ಕೊಳವೆಯ ಗಾತ್ರವನ್ನೂ ತಗ್ಗಿಸಿ. ದೀರ್ಘ ರಜೆಯ ನಂತರ ನಲ್ಲಿಗಳನ್ನೆಲ್ಲ ತೆರೆದು ಹಳೆಯ ನೀರನ್ನು ಹರಿಯಬಿಡಿ.

ನಾನು ಬರೀ ಉದ್ಯೋಗಿ. ನನ್ನ ಕೈಯಲ್ಲಿ ಏನಿದೆ?

ಇಂಗಾಲದ ಡೈಆಕ್ಸೈಡ್ ಮಾಪಕವೊಂದನ್ನು ಕಚೇರಿಯಿಂದ ತರಿಸಿಕೊಳ್ಳಿ. ಅವಗೆಂಪು ಕಿರಣದಿಂದ ಅಳೆಯುವ ಬಗೆಯದೇ ಇರಲಿ, ಅಗ್ಗದ ಮಾಪಕಗಳಲ್ಲಿ ಕೆಲವು ಬೇರೆ ಅನಿಲಗಳನ್ನು ನೋಡಿ ಅಂದಾಜು ಹೇಳುತ್ತವೆ. ಕುಳಿತವರ ಮೂಗಿನ ಎತ್ತರದಲ್ಲಿ, ಯಾರ ಬಾಯಿಗೂ ಕಿಟಕಿಗೂ ತೀರಾ ಹತ್ತಿರವಲ್ಲದ ಕಡೆ ಇಟ್ಟು ಒಂದು ವಾರ ಗಮನಿಸಿ. ಯಾವ ಕೋಣೆ, ಯಾವ ಹೊತ್ತು, ಎಷ್ಟು ಜನ ಎಂದು ಅಂಕಿಯ ಪಕ್ಕದಲ್ಲೇ ಬರೆಯಿರಿ. ತಲೆನೋವು, ಕಣ್ಣುರಿ ಬಂದ ಹೊತ್ತನ್ನೂ ಅದೇ ಹಾಳೆಯಲ್ಲಿ ಗುರುತಿಸಿ, ಸಹೋದ್ಯೋಗಿಗಳಿಗೂ ಹಾಗೆ ಮಾಡಲು ಹೇಳಿ. ‘ಇಲ್ಲಿ ಉಸಿರು ಕಟ್ಟುತ್ತದೆ’ ಎಂಬ ದೂರನ್ನು ತಳ್ಳಿಹಾಕುವುದು ಸುಲಭ. ‘ಮೂರನೆಯ ಮಹಡಿಯ ಸಭಾಕೋಣೆ ಐದು ದಿನವೂ ಹನ್ನೊಂದು ಗಂಟೆಯ ಹೊತ್ತಿಗೆ 1,800 ದಾಟಿದೆ’ ಎಂಬ ಪತ್ರಕ್ಕೆ ನಿರ್ವಹಣೆಯವರು ಉತ್ತರ ಕೊಡಲೇಬೇಕಾಗುತ್ತದೆ. ಪತ್ರದಲ್ಲಿ ಮೂರು ಪ್ರಶ್ನೆಗಳಿರಲಿ: ಹೊರಗಾಳಿಯ ಕವಾಟ ತೆರೆದಿದೆಯೇ, ಫಿಲ್ಟರ್ ಬದಲಿಸಿದ್ದು ಯಾವಾಗ, ಈ ಕೋಣೆಗೆ ಎಷ್ಟು ಜನರ ಗಾಳಿಯನ್ನು ಲೆಕ್ಕ ಹಾಕಿ ವ್ಯವಸ್ಥೆ ಮಾಡಲಾಗಿತ್ತು. ಉತ್ತರ ಬರುವ ತನಕ ಆ ಕೋಣೆಯ ಸಭೆಗಳನ್ನು ಅರ್ಧ ಗಂಟೆಗೆ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಹತ್ತು ನಿಮಿಷ ಎಲ್ಲರೂ ಹೊರಗೆ ಬನ್ನಿ.